ಮಾದನಗೇರಿ ಗೋಕರ್ಣವಲ್ಲ

ಅದು ಗೋಕರ್ಣವಲ್ಲ. ಮಾದನಗೇರಿ ಕ್ರಾಸ್. ಹೆದ್ದಾರಿ 66ರ ಮಗ್ಗುಲು. ಮಹಾಬಲೇಶ್ವರನ ಗುಡಿ ಅಲ್ಲಿಂದ ಇನ್ನೂ ಸುಮಾರು 10 ಕಿಲೋಮೀಟರ್. ಇಷ್ಟನ್ನು ಒಪ್ಪಿಕೊಳ್ಳಲು ನಮ್ಮ ಸ್ಲೀಪರ್ ಬಸ್ಸಿನ ಆ ಮನುಷ್ಯನಿಗೆ ಏನು ಕಷ್ಟವಿತ್ತು?

ಬೆಳಗಿನ ಜಾವ ಪರದೆ ಸರ್ರನೆ ಸರಿಯಿತು, ಮುಖದ ಮೇಲೆ ಮೊಬೈಲಿನ ಟಾರ್ಚು. “ಗೋಕರ್ಣ, ಇಳಿಯಿರಿ!” ಗಣಪತಿಯಾದರೂ ರಾವಣನನ್ನು ಮೂರು ಸಲ ಕರೆದ ಮೇಲೆ ಆತ್ಮಲಿಂಗವನ್ನು ನೆಲಕ್ಕಿಟ್ಟ. ಈತನಿಗೆ ಒಂದೇ ಸಲ ಸಾಕಾಯಿತು. ಅತ್ತೆಯನ್ನು, ಚೀಲಗಳನ್ನು, ತಂಬಿಗೆಯನ್ನು, ಕೊನೆಗೆ ನನ್ನನ್ನು ರಸ್ತೆಗಿಳಿಸಿದ. ನೋಡಿದರೆ ಕಾಲಲ್ಲಿ ಒಂದೇ ಚಪ್ಪಲಿ.

“ಒಂದು ನಿಮಿಷ, ಚಪ್ಪಲಿ...” ಎಂದೆ. ಬಾಗಿಲಲ್ಲಿ ಜೋತಾಡುತ್ತಾ ಆತ ಹೇಳಿದ್ದು: “ದೇವರ ದರ್ಶನಕ್ಕೆ ಬಂದವರಿಗೆ ಚಪ್ಪಲಿ ಏಕೆ ಸ್ವಾಮಿ?” ಒಳಗಿದ್ದವರು ಘೊಳ್ಳೆಂದು ನಕ್ಕರು. ನಗಲಿ. ನನ್ನನ್ನು ಈಗಲೂ ಸುಡುತ್ತಿರುವುದು ಬೇರೆ: ನಾನೂ ನಕ್ಕೆ. ಒಂಟಿ ಕಾಲಿನ ಕೊಕ್ಕರೆಯಂತೆ ನಿಂತು, ಹಲ್ಲು ಕಿರಿದು, “ಹೌದಲ್ಲವೇ” ಎಂದೂ ಅಂದೆ! ಬಸ್ಸಿನ ಕೆಂಪು ದೀಪ ಅಂಕೋಲಾದ ಕಡೆಗೆ ಮರೆಯಾದ ಮೇಲೆ ಬೈಗುಳಗಳು ಒಂದೊಂದಾಗಿ ಹೊಳೆಯತೊಡಗಿದವು. ಒಂದಕ್ಕಿಂತ ಒಂದು ಚೆನ್ನಾಗಿದ್ದವು. ಕೇಳಿಸಿಕೊಂಡದ್ದು ಅತ್ತೆ ಮತ್ತು ಒಂದು ನಾಯಿ.

ಹೋಗಲಿ, ಹಳೆಯ ಚಪ್ಪಲಿ. ಹಳೆಯದಾದರೇನು, ನನ್ನದಲ್ಲವೇ?

ಟಿಕೆಟ್ ತೆಗೆದು ನೋಡಿದೆ. ದೊಡ್ಡ ಅಕ್ಷರದಲ್ಲಿ ‘ಗೋಕರ್ಣ’, ಅದರ ಕೆಳಗೆ ಇರುವೆ ಸಾಲಿನಷ್ಟು ಸಣ್ಣದಾಗಿ ‘ಬೈಪಾಸ್’. ಗೋಕರ್ಣಕ್ಕೆ ಎಲ್ಲಿಯ ಬೈಪಾಸ್? ಊರು ಸಮುದ್ರದ ಅಂಚಿನಲ್ಲಿದೆ, ಬದಿಗೆ ಸರಿದರೆ ನೀರು! ಟಿಕೆಟ್ ಬರೆದವರಾಗಲಿ, ಮಾರಿದವರಾಗಲಿ, ಯಾರಾದರೂ ಒಬ್ಬರು ಉತ್ತರ ಕೊಡಿ. ಕ್ಷಮೆ ಬೇಡ, ಬೈಪಾಸ್ ಎಲ್ಲಿದೆ ಎಂದು ತೋರಿಸಿದರೆ ಸಾಕು.

ಆಟೋದವನು ಕೇಳಿದ ಬಾಡಿಗೆಯನ್ನು ಇಲ್ಲಿ ಬರೆಯುವುದಿಲ್ಲ, ಅತ್ತೆ ಓದಿಬಿಡುತ್ತಾರೆ. “ಕೆಂಪು ಬಸ್ಸಿಗೆ ಹೋಗೋಣ, ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಪುಕ್ಕಟೆ” ಎಂದು ಅವರು ವಾರವಿಡೀ ಹೇಳಿದ್ದರು. ಕಾಲು ಚಾಚಿ ಮಲಗಿಕೊಂಡು ಹೋಗೋಣ ಎಂದ ಶೋಕಿಲಾಲ ನಾನು. ಬಾಯಿ ಮುಚ್ಚಿಕೊಂಡಿರುವುದೇ ಲೇಸು.

ಮುಚ್ಚಿಕೊಂಡೇ ಇದ್ದೆ. ಗೋಕರ್ಣದ ಕೋಟಿತೀರ್ಥದ ಮೆಟ್ಟಿಲ ಮೇಲೆ ಕುಳಿತು ಅತ್ತೆ ಮೆಲ್ಲಗೆ ಕೇಳಿದರು: “ವಾಪಸ್ಸು ಯಾವ ಬಸ್ಸು?”

ಅದೇ ಬಸ್ಸು. ಹೋಗಿ ಬರಲು ಒಟ್ಟಿಗೇ ಟಿಕೆಟ್ ಮಾಡಿಸಿದ್ದೇನೆ. ಚಪ್ಪಲಿ ಅದರಲ್ಲೇ ಇದ್ದರೂ ಇರಬಹುದು.