ಇಪ್ಪತ್ತಾರನೆಯ ಕಿಲೋ

ಗಂಗಾವತಿಯ ಹೊರವಲಯದಲ್ಲಿ ನಾನು ಲೆಕ್ಕ ಬರೆಯುವ ಅಕ್ಕಿ ಗಿರಣಿಯ ಕಚೇರಿಗೆ ಮೂರು ಮಟ್ಟಗಳಿವೆ. ನೆಲಮಟ್ಟದಲ್ಲಿ, ಲಾರಿ ತೂಗುವ ಕಾಟಾದ ಪಕ್ಕದ ಕೋಣೆಯಲ್ಲಿ, ತೌಡಿನ ಧೂಳು ಕುಳಿತು ಕೀಲಿಮಣೆಯ ಅಕ್ಷರಗಳೇ ಕಾಣದಂತಾದ ಒಂದು ಕಂಪ್ಯೂಟರ್ ಇದೆ. ಅಲ್ಲಿಂದ ಹದಿನಾಲ್ಕು ಮೆಟ್ಟಿಲು ಹತ್ತಿದರೆ ನನ್ನ ಕೋಣೆ. ಅಲ್ಲಿ ಫ್ಯಾನು ಇದೆ. ಇನ್ನೂ ಹದಿನಾಲ್ಕು ಹತ್ತಿದರೆ ಸಾಹುಕಾರರ ಕೋಣೆ, ಅಲ್ಲಿ ಎ.ಸಿ. ಇದೆ.

ಈ ಏರ್ಪಾಡಿನ ಹಿಂದೆ ಒಂದು ಶಾಸ್ತ್ರವಿದೆಯೆಂಬುದು ನನಗೆ ತಿಳಿಯದ ವಿಷಯವೇನಲ್ಲ. ಬಿ.ಕಾಂ. ಓದುವಾಗ ಮಾಹಿತಿ ವ್ಯವಸ್ಥೆಗಳ ಪತ್ರಿಕೆಯಲ್ಲಿ ನಾನು 41 ಅಂಕ ಪಡೆದು ಉತ್ತೀರ್ಣನಾದವನು. ಹಾರ್ವರ್ಡ್‌ನ ಪ್ರಾಧ್ಯಾಪಕ ರಾಬರ್ಟ್ ಆಂಟನಿ 1965ರಲ್ಲಿಯೇ ಸಂಸ್ಥೆಯ ಆಡಳಿತವನ್ನು ಮೂರಾಗಿ ವಿಂಗಡಿಸಿದ್ದರು: ದೂರದ ಗುರಿಯನ್ನು ನಿರ್ಧರಿಸುವುದು, ಆ ಗುರಿಗೆ ತಕ್ಕಂತೆ ಹಣವೂ ಸಾಮಗ್ರಿಯೂ ಬಳಕೆಯಾಗುತ್ತಿವೆಯೇ ಎಂದು ಹತೋಟಿಯಲ್ಲಿಡುವುದು, ಮತ್ತು ದಿನದಿನದ ಒಂದೊಂದು ಕೆಲಸವೂ ಸರಿಯಾಗಿ ನಡೆಯಿತೇ ಎಂದು ನೋಡುವುದು. 1971ರಲ್ಲಿ ಅಮೆರಿಕದ ಎಂ.ಐ.ಟಿ. ವಿಶ್ವವಿದ್ಯಾಲಯದ ಗೋರಿ ಮತ್ತು ಸ್ಕಾಟ್ ಮಾರ್ಟನ್ ಎಂಬ ಇಬ್ಬರು ಇದನ್ನೇ ಮುಂದುವರಿಸಿ, ಕೆಳಗಿನವರ ನಿರ್ಧಾರಗಳು ಬಹುಮಟ್ಟಿಗೆ ಸೂತ್ರಕ್ಕೆ ಸಿಗುವಂಥವು, ಮೇಲಿನವರವು ಸಿಗದಂಥವು, ಆದ್ದರಿಂದ ಇಬ್ಬರಿಗೂ ಒಂದೇ ಬಗೆಯ ಮಾಹಿತಿ ಒಗ್ಗದು ಎಂದು ವಾದಿಸಿದರು. ಪರೀಕ್ಷೆಯಲ್ಲಿ ನಾನು ಇದಕ್ಕೊಂದು ತ್ರಿಕೋನ ಬರೆದು, ಮೂರು ಗೆರೆ ಎಳೆದು, ಹೆಸರುಗಳನ್ನು ತಲೆಕೆಳಗಾಗಿ ತುಂಬಿ ಬಂದಿದ್ದೆ. ಆ ತ್ರಿಕೋನದ ನಡುವೆ ನಾನೇ ಒಂದು ದಿನ ಫ್ಯಾನಿನ ಕೆಳಗೆ ಕುಳಿತುಕೊಳ್ಳಬೇಕಾಗುತ್ತದೆಂದು ತಿಳಿದಿದ್ದರೆ ಇನ್ನಷ್ಟು ಗಮನವಿಟ್ಟು ಓದುತ್ತಿದ್ದೆನೇನೋ.

2021ರಲ್ಲಿ ನಮ್ಮ ಗಿರಣಿಗೆ ಹೊಸ ಸಾಫ್ಟ್‌ವೇರ್ ಬಂತು. ಅದನ್ನು ಮಾರಲು ಬಂದಿದ್ದ ಯುವಕನು ಒಗ್ಗರಣಿ–ಮಿರ್ಚಿಯ ತಟ್ಟೆಯನ್ನು ಪಕ್ಕಕ್ಕಿಟ್ಟು ಅದೇ ತ್ರಿಕೋನವನ್ನು ಗೋಡೆಯ ಮೇಲೆ ಬೆಳಕಿನಲ್ಲಿ ಮೂಡಿಸಿದನು. ಕೆಳಗೆ ಪ್ರತಿಯೊಂದು ಲಾರಿ, ಪ್ರತಿಯೊಂದು ಚೀಲ, ಪ್ರತಿಯೊಂದು ಬಿಲ್ಲು ದಾಖಲಾಗುತ್ತದೆ. ಅದೆಲ್ಲ ಒಟ್ಟುಗೂಡಿ ನಡುವಿನವರಿಗೆ ವಾರದ, ತಿಂಗಳ ವರದಿಯಾಗುತ್ತದೆ. ಮೇಲಿನವರಿಗೆ ಕೆಂಪು, ಹಸಿರು ಬಾಣಗಳಷ್ಟೇ ಕಾಣುತ್ತವೆ. ಬೇಕೆಂದರೆ 'ಹೊಸ ಯಂತ್ರ ಹಾಕಿಸಿದರೆ ಏನಾದೀತು' ಎಂದು ಕೇಳಿ ನೋಡುವ ಅನುಕೂಲವೂ ಉಂಟು ಎಂದು ವಿವರಿಸಿದನು. ಸಾಹುಕಾರರಿಗೆ ಬಾಣಗಳು ಹಿಡಿಸಿದವು.

ಮೊದಲ ಎಡವಟ್ಟು ಕಾಟಾದಲ್ಲಿಯೇ ಆಯಿತು. ಭತ್ತದ ಲಾರಿಯನ್ನು ತುಂಬಿದ್ದಾಗ ಒಮ್ಮೆ, ಇಳಿಸಿದ ಮೇಲೆ ಒಮ್ಮೆ ತೂಗಿ, ಮೊದಲಿನದರಲ್ಲಿ ಎರಡನೆಯದನ್ನು ಕಳೆಯುವುದು ಕ್ರಮ. ಒಂದು ಬೆಳಿಗ್ಗೆ ತುಂಬಿದ ಲಾರಿಯ ತೂಕವಾಗುವಾಗ ಡ್ರೈವರ್ ಮತ್ತು ಕ್ಲೀನರ್ ಇಬ್ಬರೂ ಕ್ಯಾಬಿನ್ನಿನಲ್ಲಿ ನಿದ್ರಿಸುತ್ತಿದ್ದರು. ಖಾಲಿ ಲಾರಿಯ ತೂಕವಾಗುವಾಗ ಇಬ್ಬರೂ ಹೋಟೆಲಿನಲ್ಲಿದ್ದರು. ಹೀಗಾಗಿ ಗಿರಣಿಯು ಸುಮಾರು 140 ಕಿಲೋ ಡ್ರೈವರ್ ಮತ್ತು ಕ್ಲೀನರನ್ನು ಸೋನಾ ಮಸೂರಿಯ ದರದಲ್ಲಿ ಖರೀದಿಸಿತು. ನಮ್ಮ ಕಡೆ ಭತ್ತದ ಚೀಲವೆಂದರೆ 75 ಕಿಲೋ. ಎರಡು ಚೀಲಕ್ಕೆ ಹತ್ತೇ ಕಿಲೋ ಕಡಿಮೆ. ಸಾಫ್ಟ್‌ವೇರಿನಲ್ಲಿ ನೂರು ಕಿಲೋ ಭತ್ತಕ್ಕೆ 67 ಕಿಲೋ ಅಕ್ಕಿ ಎಂಬ ಸರಕಾರಿ ಲೆಕ್ಕವನ್ನೇ ಕೂಡಿಸಿದ್ದರಿಂದ, ಅವರಿಬ್ಬರಿಂದ ಸುಮಾರು 94 ಕಿಲೋ ಅಕ್ಕಿ ಬರತಕ್ಕದ್ದೆಂದು ಅದು ಗಂಭೀರವಾಗಿ ಕಾಯತೊಡಗಿತು.

ಇದು ಬೆಳಕಿಗೆ ಬಂದ ಮೇಲೆ ಕಾಟಾದ ಗುಮಾಸ್ತನಿಗೆ ಒಂದು ಸೂಚನೆ ಕೊಟ್ಟೆನು: ತೂಕದಲ್ಲಿ ವ್ಯತ್ಯಾಸ ಕಂಡರೆ ಕಾರಣವನ್ನು 'ಷರಾ' ಎಂಬ ಕಾಲಂನಲ್ಲಿ ಬರೆಯತಕ್ಕದ್ದು. ಅವನು ಶ್ರದ್ಧೆಯ ಹುಡುಗ. ಅಂದಿನಿಂದ ಒಂದು ದಿನವೂ ತಪ್ಪಿಸದೆ ಬರೆದನು. ಆದರೆ ಷರಾ ಎಂಬುದು ಅಂಕಿಯಲ್ಲ, ಮಾತು. ಅಂಕಿಗಳನ್ನು ಕೂಡಿಸಿ ಮೇಲಕ್ಕೆ ಕಳಿಸಬಹುದು. ಮಾತುಗಳನ್ನು ಕೂಡಿಸಲು ಬರುವುದಿಲ್ಲ. ಆದ್ದರಿಂದ ಆ ಕಾಲಂ ಹದಿನಾಲ್ಕು ಮೆಟ್ಟಿಲು ಹತ್ತಿ ನನ್ನ ವರದಿಗೆ ಎಂದೂ ಬರಲಿಲ್ಲ, ನಾನೂ ಇಳಿದು ಹೋಗಿ ಓದಲಿಲ್ಲ.

ಮೇಲಿನ ಕೋಣೆಯ ಬಾಣಗಳ ಬಗ್ಗೆಯೂ ಒಂದು ಮಾತು ಹೇಳಬೇಕು. ಅವು ಗಿರಣಿಯ ಗೋಡೆಯೊಳಗಿನ ಸಂಗತಿಗಳನ್ನಷ್ಟೇ ಬಲ್ಲವು; ಸಾಹುಕಾರರ ನಿಜವಾದ ಚಿಂತೆಗಳೆಲ್ಲ ಗೋಡೆಯ ಹೊರಗಿನವು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಕ್ರಸ್ಟ್ ಗೇಟುಗಳಲ್ಲಿ 19ನೆಯದರ ಚೈನು ತುಂಡಾಗಿ ಗೇಟು ಕೊಚ್ಚಿಹೋದಾಗ, ಅಣೆಕಟ್ಟು ತುಂಬಿದ್ದ ಖುಷಿಯಲ್ಲಿದ್ದ ನಾಲ್ಕು ಜಿಲ್ಲೆಗಳು ನಿದ್ದೆಗೆಟ್ಟು ಕುಳಿತವು. ಆ ಜಾಗಕ್ಕೆ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ತಡೆಯನ್ನು ಇಳಿಸುವವರೆಗೆ, ಸುಮಾರು ಒಂದು ವಾರ, ನಮ್ಮ ಎರಡನೆಯ ಬೆಳೆಯೇ ನದಿಗುಂಟ ಹರಿದು ಹೋಗುತ್ತಿರುವಂತೆ ಕಾಣುತ್ತಿತ್ತು. ಆ ಭಾನುವಾರ ಬೆಳಿಗ್ಗೆ ಸಾಹುಕಾರರು ಅಣೆಕಟ್ಟಿನ ಬಳಿಯ ಮುನಿರಾಬಾದಿನ ಕಡೆಗೆ ಕಾರು ಓಡಿಸುತ್ತಿದ್ದಾಗ ಅವರ ಮೊಬೈಲಿನಲ್ಲಿ ನಮ್ಮ ಸಾಫ್ಟ್‌ವೇರ್ ಎಲ್ಲ ಬಾಣಗಳನ್ನೂ ಹಸಿರಾಗಿಸಿ, 'ಭತ್ತದ ದಾಸ್ತಾನು ತೃಪ್ತಿಕರ' ಎಂದು ತೋರಿಸಿತು.

ಆದರೆ ನಾನು ಹೇಳಬೇಕೆಂದಿರುವುದು ಅದಕ್ಕೂ ಎರಡು ವರ್ಷ ಹಿಂದಿನ ಕಥೆ. 2022ರ ಜುಲೈ 18ರಿಂದ, ಮೊದಲೇ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ, 25 ಕಿಲೋವರೆಗಿನ ಅಕ್ಕಿ ಚೀಲಕ್ಕೆ ಶೇಕಡಾ 5ರಷ್ಟು ಜಿ.ಎಸ್.ಟಿ. ಬಂತು. 25ರವರೆಗೆ ತೆರಿಗೆ ಎಂದರೆ 26ಕ್ಕೆ ಇಲ್ಲವೆಂದಾಯಿತು. ಅಕ್ಕಿ ವ್ಯಾಪಾರದಲ್ಲಿ ಈ ಗಣಿತವನ್ನು ಬಿಡಿಸಲು ಯಾರಿಗೂ ಬಹಳ ಸಮಯ ಹಿಡಿಯಲಿಲ್ಲ. ಮಾರುಕಟ್ಟೆಯಲ್ಲಿ 26 ಕಿಲೋ ಚೀಲಗಳು ಕಾಣಿಸಿಕೊಂಡವು. ನಮ್ಮಲ್ಲಿಯೂ ಸಾಹುಕಾರರು ಆಜ್ಞೆ ಕೊಟ್ಟರು, ಪ್ಯಾಕಿಂಗ್ ಯಂತ್ರದವನು ತೂಕ ಬದಲಿಸಿದನು, ಹೊಸ ಚೀಲಗಳು ಮುದ್ರಣವಾಗಿ ಬಂದವು. ತೆರಿಗೆ ಸಲಹೆಗಾರರೊಡನೆ ಮಾತನಾಡಿದವನು ನಾನೇ. ಸಾಫ್ಟ್‌ವೇರಿನಲ್ಲಿ ಸರಕಿನ ಹೆಸರನ್ನು '26 ಕೆ.ಜಿ. ಚೀಲ' ಎಂದು ತಿದ್ದಿದವನೂ, ತೆರಿಗೆಯ ದರ ಸೊನ್ನೆಯೆಂದು ನಮೂದಿಸಿದವನೂ ನಾನೇ. ಅದೇ ಪರದೆಯ ಕೆಳಭಾಗದಲ್ಲಿ, ಸ್ವಲ್ಪ ಸರಿಸಿದರೆ ಮಾತ್ರ ಕಾಣುವಂತೆ, 'ಒಂದು ಚೀಲದ ತೂಕ' ಎಂಬ ಚಿಕ್ಕ ಮನೆಯೊಂದಿತ್ತು. ಅಲ್ಲಿ 25 ಎಂದು ಇದ್ದದ್ದು ಹಾಗೆಯೇ ಉಳಿಯಿತು.

ಸುಗ್ಗಿ ಬಂತು. ಒಂದು ಸರದಿಯಲ್ಲಿ 1,500 ಚೀಲ ಭತ್ತ, ಅಂದರೆ 1,12,500 ಕಿಲೋ ಹಾಕಿದೆವು. 2,899 ಚೀಲ ಅಕ್ಕಿ ಬಂತು. 26ರಿಂದ ಗುಣಿಸಿದರೆ ಸರಿಯಾಗಿ ಶೇಕಡಾ 67. ಆದರೆ ಕಂಪ್ಯೂಟರು 25ರಿಂದ ಗುಣಿಸಿ, 64.42 ಎಂದು ನನ್ನ ವರದಿಗೆ ಕಳಿಸಿತು. ನನ್ನ ವರದಿಯಲ್ಲಿ ಅದು ದಶಮಾಂಶಗಳ ನಡುವಿನ ಒಂದು ಅಂಕಿಯಾಗಿತ್ತು. ಇನ್ನೂ ಹದಿನಾಲ್ಕು ಮೆಟ್ಟಿಲು ಹತ್ತುವಷ್ಟರಲ್ಲಿ ಅದು ಕೆಂಪು ಬಾಣವಾಗಿ, ಮಿನುಗುತ್ತಿತ್ತು.

"ಮೂರು ಟನ್ ಅಕ್ಕಿ ಎಲ್ಲಿ ಹೋತು?" ಎಂದು ಸಾಹುಕಾರರು ಕೇಳಿದರು.

ಮೊದಲು ಯಂತ್ರವನ್ನು ಅನುಮಾನಿಸಿದೆವು. ಮೆಕ್ಯಾನಿಕ್ ಬಂದು ಭತ್ತದ ಹೊಟ್ಟು ಬಿಡಿಸುವ, ಇನ್ನೂ ಚೆನ್ನಾಗಿದ್ದ ರಬ್ಬರ್ ರೋಲುಗಳನ್ನು ಬದಲಿಸಿ ಹೋದನು. ಆಮೇಲೆ ಭತ್ತದ ತೇವಾಂಶವನ್ನು ಅನುಮಾನಿಸಿ ದಲಾಲಿ ಅಂಗಡಿಯವರೊಡನೆ ಮಾತು ಬಿಟ್ಟೆವು. ಆಮೇಲೆ ಇಲಿಗಳ ಸರದಿ. ಮೂರು ಟನ್ ತಿನ್ನಬೇಕಾದರೆ ಗಂಗಾವತಿಯ ಇಲಿಗಳೆಲ್ಲ ನೆಂಟರಿಷ್ಟರೊಡನೆ ಬರಬೇಕಾಗಿತ್ತು ಎಂಬುದು ಆಗ ಹೊಳೆಯಲಿಲ್ಲ. ಕೊನೆಗೆ ರಾತ್ರಿ ಕಾವಲುಗಾರನ ಮೇಲೆ ಕಣ್ಣಿಡಲು ನಾನು ನಾಲ್ಕು ರಾತ್ರಿಗಳ ಸಿ.ಸಿ. ಟಿ.ವಿ. ದೃಶ್ಯಗಳನ್ನು ನೋಡಿದೆನು. ಒಂದು ಬೆಕ್ಕು ಎರಡು ಸಲ ಬಂದು ಹೋಯಿತು. ಕಾವಲುಗಾರನು, ಪಾಪ, ಇಡೀ ರಾತ್ರಿ ಎಚ್ಚರವಾಗಿದ್ದನು. ನನ್ನ ವೃತ್ತಿಜೀವನದಲ್ಲಿ ಅಷ್ಟು ಪ್ರಾಮಾಣಿಕವಾದ ದೃಶ್ಯವನ್ನು ನಾನು ಮತ್ತೆ ನೋಡಿಲ್ಲ.

ಐದನೆಯ ದಿನ ಗೋದಾಮಿನಲ್ಲಿ ನಾನೇ ಚೀಲ ಎಣಿಸಲು ನಿಂತೆನು. ಹಮಾಲರ ತಂಡದ ಹಿರಿಯರು, ನಾವೆಲ್ಲ ತಾತ ಎಂದು ಕರೆಯುವವರು, ಗೋಡೆಯ ಮೇಲೆ ಸುಣ್ಣದ ಕಡ್ಡಿಯಿಂದ ಐದೈದರ ಗೀಟು ಹಾಕಿ ಲೆಕ್ಕ ಇಟ್ಟಿದ್ದರು. ಅವರ ಗೀಟಿಗೂ ಕಂಪ್ಯೂಟರಿನ ಚೀಲಗಳ ಲೆಕ್ಕಕ್ಕೂ ಒಂದು ಚೀಲದ ವ್ಯತ್ಯಾಸವೂ ಇರಲಿಲ್ಲ.

"ಚೀಲ ಬರಾಬರಿ ಅದಾವಲ್ಲ ತಾತ, ಮತ್ತ ತೂಕ ಯಾಕ ಕಡಿಮಿ ಬರ್ತೈತಿ?"

"ಕಡಿಮಿ ಎಲ್ಲೈತ್ರೀ ಸರ, ಹೆಚ್ಚಾಗೈತಿ. ಚೀಲಕ್ಕ ಒಂದು ಕಿಲೋ ಹೆಚ್ಚಾಗೇತಿ, ಕೂಲಿ ಹೆಚ್ಚಿಗಿ ಮಾಡ್ರಿ ಅಂತ ನಿಮಗ ಅರ್ಜಿ ಬರಕೊಟ್ಟು ಮೂರು ತಿಂಗಳಾತು. ಓದೀರೇನು?"

ಓದಿದ್ದೆ. 'ಕೂಲಿ' ಎಂಬ ಕಡತದಲ್ಲಿ ಹಾಕಿ, ಮರೆತಿದ್ದೆ. ಕೆಳಗಿಳಿದು ಬಂದವನು ಹಾಗೆಯೇ ಕಾಟಾದ ಕೋಣೆಗೂ ಹೋಗಿ, ಮೊದಲ ಬಾರಿಗೆ ಷರಾ ಕಾಲಂ ಓದಿದೆನು. 400 ಚೀಲ ಅಕ್ಕಿ ಹೊತ್ತ ಪ್ರತಿ ಲಾರಿಯೂ ಕಂಪ್ಯೂಟರು ನಿರೀಕ್ಷಿಸಿದ್ದಕ್ಕಿಂತ 400 ಕಿಲೋ ಹೆಚ್ಚು ತೂಗಿತ್ತು. ಗುಮಾಸ್ತನು ಪ್ರತಿ ಸಲವೂ, ನನ್ನ ಸೂಚನೆಯ ಪ್ರಕಾರವೇ, ಕಾರಣ ಬರೆದಿದ್ದನು: 'ಡ್ರೈವರ್, ಕ್ಲೀನರ್, ಹಗ್ಗ, ತಾಡಪತ್ರಿ.' ಇಂಥ ಐವತ್ತಕ್ಕೂ ಹೆಚ್ಚು ಷರಾಗಳಿದ್ದವು. ನಮ್ಮ ಗಿರಣಿಗೆ ಬರುತ್ತಿದ್ದ ಡ್ರೈವರುಗಳು ಆ ಹಂಗಾಮಿನಲ್ಲಿ ತಲಾ ಇನ್ನೂರು ಕಿಲೋಗೆ ಹತ್ತಿರದವರಾಗಿದ್ದರು.

ಹಾಗೆ ನೋಡಿದರೆ 26 ಎಂಬುದು ಸಾಹುಕಾರರಿಗೆ ಗೊತ್ತಿತ್ತು, ಏಕೆಂದರೆ ಆಜ್ಞೆ ಅವರದೇ, ನನಗೆ ಗೊತ್ತಿತ್ತು, ಹಮಾಲರ ಬೆನ್ನಿಗಂತೂ ಮೊದಲು ಗೊತ್ತಾಗಿತ್ತು. ಇಡೀ ಗಿರಣಿಯಲ್ಲಿ ಅದು ಗೊತ್ತಿಲ್ಲದಿದ್ದುದು ಕಂಪ್ಯೂಟರಿಗೆ ಮಾತ್ರ, ಮತ್ತು ನಾವೆಲ್ಲರೂ ಕೇಳುತ್ತಿದ್ದುದು ಅದನ್ನೇ.

ಹಮಾಲಿ ಹೆಚ್ಚಾಯಿತು. ದಲಾಲಿ ಅಂಗಡಿಗೆ ಮಿರ್ಚಿ ಕಟ್ಟಿಸಿಕೊಂಡು ಹೋಗಿ ಮಾತು ಕೂಡಿಸಿಕೊಂಡೆವು. ನಾನು ಕೋಣೆಗೆ ಮರಳಿ, ಪರದೆಯನ್ನು ಕೆಳಗೆ ಸರಿಸಿ, ಆ ಚಿಕ್ಕ ಮನೆಯಲ್ಲಿದ್ದ 25ನ್ನು ಅಳಿಸಿ 26 ಎಂದು ಬರೆದೆನು. 64.42 ಒಮ್ಮೆಗೇ 67 ಆಯಿತು. ಹೊಸ ತೂಕಕ್ಕೆ ಹೊಸ ಸರಕನ್ನೇ ಬೇರೆ ಸಂಕೇತದಲ್ಲಿ ತೆರೆಯಬೇಕು, ಹಳೆಯದನ್ನು ತಿದ್ದಬಾರದು ಎಂದು ಸಾಫ್ಟ್‌ವೇರಿನ ಯುವಕನು ತರಬೇತಿಯ ದಿನ ಹೇಳಿದ್ದನಂತೆ. ಆ ಹೊತ್ತಿಗೆ ನಾನು ಒಗ್ಗರಣಿಗೆ ಶೇಂಗಾ ಹೆಚ್ಚು ಹಾಕಿಸಲು ಹೊರಗೆ ಹೋಗಿದ್ದೆ.

ಮರುದಿನ ಬೆಳಿಗ್ಗೆ ಮೇಲಿನಿಂದ ಕರೆ ಬಂತು. ಸಾಹುಕಾರರ ಮುಖದಲ್ಲಿ ಪ್ರಸನ್ನತೆಯೂ ಇತ್ತು, ಅದರ ಹಿಂದೆ ಏನೋ ಒಂದು ಲೆಕ್ಕವೂ ಓಡುತ್ತಿತ್ತು. ಮೊಬೈಲನ್ನು ನನ್ನ ಕಡೆಗೆ ತಿರುಗಿಸಿದರು. ಹೋದ ವರ್ಷದ, ಅಂದರೆ ನಿಜವಾಗಿಯೂ 25 ಕಿಲೋದ ಚೀಲಗಳಿದ್ದ ವರ್ಷದ ಹಸಿರು ಬಾಣವು ಪರದೆಯ ಅಂಚಿನವರೆಗೆ ಎದ್ದು ನಿಂತಿತ್ತು. ಅದರ ಪಕ್ಕದಲ್ಲಿ 69.68 ಎಂದು ಇತ್ತು.

"ಹೋದ ವರ್ಷ ಹತ್ತಹತ್ರ ಎಪ್ಪತ್ತು ಬಂದೈತಲ್ಲ," ಎಂದರು. "ಈ ವರ್ಷ ಬರೇ ಅರವತ್ತೇಳು. ಮೆಕ್ಯಾನಿಕ್‌ಗೆ ಫೋನ್ ಹಚ್ಚು."