ಎರಡೂವರೆ ಸಾವಿರ ತೂತಿನ ರೇನ್‌ಕೋಟು

ಆರಿದ್ರಾ ಮಳೆ ಹಿಡಿಯೋ ಹೊತ್ತಿಗೆ ಸರಿಯಾಗಿ ನಮ್ಮ ಆಫೀಸಿನ ಹುಡುಗ್ರಿಗೆ ಸರ್ಪಧಾರಿ ಕಡೆಯಿಂದ ಮುಳ್ಳಯ್ಯನಗಿರಿ ಹತ್ತಬೇಕು ಅನ್ನೋ ಹುಚ್ಚು ಬಂತು. ನಂದೂ ಒಂದು ಹೆಸರು ಸೇರಿಸ್ಕೊಂಡ್ರು. ಮಳೆಗೆ ಹಾಕೋ ಟ್ರೆಕ್ಕಿಂಗ್ ಪಾಂಚೋ, ಜಿಗಣೆ ಕಾಲಿಗೆ ಹತ್ತದ ಹಾಗೆ ಹಾಕೋ ಇಂಬಳದ ಸಾಕ್ಸ್ ಎರಡೂ ಆನ್‌ಲೈನಲ್ಲಿ ನೋಡಿದೆ, ರೇಟ್ ನೋಡಿ ಮೊಬೈಲ್ ಮಗುಚಿಟ್ಟೆ. ಒಂದು ಚೌಕ ಬಟ್ಟೆ, ಮಧ್ಯ ತಲೆ ತೂರೋಕೆ ಒಂದು ತೂತು, ಅದಕ್ಕೊಂದು ಟೋಪಿ, ಇದಕ್ಕೆ ಅಷ್ಟು ದುಡ್ಡಾ? ಮನೇಲಿ ಅಮ್ಮನ ಹೊಲಿಗೆ ಮಿಷಿನ್ ಇದೆ, ನಾನೇ ಹೊಲ್ಕೋತೀನಿ ಅಂದೆ. ಅಲ್ಲಿವರೆಗೆ ನನ್ನ ಹೊಲಿಗೆ ಅನುಭವ ಅಂದ್ರೆ ಹಾಸ್ಟೆಲಲ್ಲಿ ಒಂದ್ಸಲ ಶರ್ಟಿಗೆ ಗುಂಡಿ ಹಾಕಿದ್ದು, ಅದೂ ಮುಂದಿನ ಪಟ್ಟಿ ಹಿಂದಿನ ಬೆನ್ನು ಎರಡನ್ನೂ ಸೇರಿಸಿ.

ಪೇಟೆಯಲ್ಲಿ ಬ್ಯಾಗ್ ಹೊಲಿಯೋರಿಗೆ ಸಾಮಾನು ಮಾರೋ ಅಂಗಡಿಗೆ ಹೋಗಿ ನಾಲ್ಕು ಮೀಟರ್ ಪ್ಯಾರಾಶೂಟ್ ಬಟ್ಟೆ ಕೇಳಿದೆ.

"ಬೈಕ್ ಕವರ್ರಾ ಸಾರ್?"

"ಅಲ್ಲ, ಟ್ರೆಕ್ಕಿಂಗ್ ಪಾಂಚೋ."

"ಹಾಂ ಹಾಂ, ಅದೇ. ಮನುಷ್ಯರಿಗೆ ಹಾಕೋ ಬೈಕ್ ಕವರ್ರು."

ಈ ಪ್ಯಾರಾಶೂಟ್ ಬಟ್ಟೆ ಇದೆಯಲ್ಲ, ಇದರಷ್ಟು ಜಾರೋ ವಸ್ತು ನಾನು ಇನ್ನೊಂದು ನೋಡಿಲ್ಲ. ಮೇಜಿನ ಮೇಲೆ ಹಾಸಿ ಸ್ಕೇಲ್ ಇಡೋದ್ರೊಳಗೆ ಅರ್ಧ ನೆಲದಲ್ಲಿ. ಗುಂಡುಪಿನ್ನು ಚುಚ್ಚಿ ಹಿಡಿಸೋಣ ಅಂದ್ರೆ ಪಿನ್ ಚುಚ್ಚಿದ ಕಡೆಯೆಲ್ಲ ತೂತು ಹಾಗೇ ಉಳ್ಕೊಳ್ಳುತ್ತೆ, ಹತ್ತಿ ಬಟ್ಟೆ ತರ ಕೂಡ್ಕೊಳ್ಳಲ್ಲ, ಅದಕ್ಕೆ ಪಿನ್ ಬಿಟ್ಟು ಬಟ್ಟೆ ಒಣಹಾಕೋ ಕ್ಲಿಪ್ ಹಾಕಿದೆ. ಮಿಷಿನ್ನಿಗೆ ಕೊಟ್ಟು ಪೆಡ್ಲು ತುಳಿದೆ, ಮೇಲ್ಗಡೆ ಹೊಲಿಗೆ ಮುತ್ತು ಪೋಣಿಸಿದ ಹಾಗೆ ಬಂತು, ಖುಷಿಯಾಗಿ ತಿರುಗಿಸಿ ನೋಡಿದ್ರೆ ಕೆಳಗಡೆ ಗುಬ್ಬಚ್ಚಿ ಗೂಡು. ಅಮ್ಮ ಅಡುಗೆಮನೆಯಿಂದಾನೇ, "ಲೋ, ದಾರ ಟೆನ್ಷನ್ನಿಗೆ ಹಾಕಿದ್ಯೇನೋ? ಆ ಸದ್ದು ಕೇಳಿದ್ರೇ ಗೊತ್ತಾಗುತ್ತೆ" ಅಂದ್ರು. ಮೇಲಿನ ದಾರ ಬಿಗಿ ಹಿಡಿಯೋ ಆ ಬಿಲ್ಲೆಗಳ ಮಧ್ಯ ಹಾಕಿರಲಿಲ್ಲ.

ಅದನ್ನ ಬಿಚ್ಚಿ ಮತ್ತೆ ಶುರು ಮಾಡಿ ಒಂದು ಅಡಿ ಹೋಗಿದ್ದೆ, ಟಕ್ ಅಂತ ಸೂಜಿ ಮುರೀತು. ಸಂಜೆ ಏಳು ಗಂಟೆ. ಓಡಿದೆ ಅಂಗಡಿಗೆ. ಅಂಗಡಿಯೋರು ಆಗಷ್ಟೇ ದೀಪ ಹಚ್ಚಿ ಊದಿನಕಡ್ಡಿ ಬೆಳಗ್ತಾ ಇದ್ರು, "ದೀಪ ಹಚ್ಚಿದ ಮೇಲೆ ಸೂಜಿ ಕೊಡಲ್ಲ ಸಾರ್, ಬೆಳಿಗ್ಗೆ ಬನ್ನಿ" ಅಂತ ಖಡಾಖಂಡಿತ. ಪಕ್ಕದ್ಮನೆ ಆಂಟಿನೂ ಅದನ್ನೇ ಹೇಳಿದ್ರು. ಬೇಕಾದ್ರೆ ಕಾಫಿ ಕುಡೀರಿ ಅಂದ್ರು, ಸೂಜಿ ಮಾತ್ರ ಇಲ್ಲ. ಕೊನೆಗೆ ಅಮ್ಮನ ಬಿಸ್ಕೆಟ್ ಡಬ್ಬಿ ತಳದಲ್ಲಿ ಒಂದು 18ನೇ ನಂಬರ್ ಸೂಜಿ ಸಿಕ್ತು. ತೆಳು ಬಟ್ಟೆಗೆ ಹಾಕೋದು 11, ಅದು ಮುಕ್ಕಾಲು ಮಿಲಿಮೀಟರ್ ದಪ್ಪ. 18 ಅಂದ್ರೆ ಜೀನ್ಸು ಕ್ಯಾನ್ವಾಸಿನ ಸೂಜಿ, ಒಂದು ಮಿಲಿಮೀಟರನ್ನೂ ದಾಟುತ್ತೆ. ಅಷ್ಟು ಸಣ್ಣ ವ್ಯತ್ಯಾಸಕ್ಕೆ ಏನಾಗಿಬಿಡುತ್ತೆ ಅಂತ ಅದನ್ನೇ ಹಾಕಿ ರಾತ್ರಿ ಹನ್ನೊಂದರವರೆಗೆ ಕಟಕಟ ಅನ್ನಿಸಿದೆ. ಆಮೇಲೆ ಹೊಲಿಗೆ ಚಪ್ಪಟೆ ಆಗ್ಲಿ ಅಂತ ಇಸ್ತ್ರಿ ಇಟ್ಟೆ, ಆ ವಿಷಯ ಜಾಸ್ತಿ ಹೇಳಲ್ಲ, ಬಟ್ಟೆಯ ನೈಲಾನ್ ಕರಗಿ ಇಸ್ತ್ರಿಪೆಟ್ಟಿಗೆಗೆ ಮೆತ್ಕೊಳ್ತು, ಮಾರನೇ ದಿನ ನನ್ನವಳ ಬಿಳೀ ಚೂಡಿದಾರಕ್ಕೆ ನೀಲಿ ಬಾರ್ಡರ್ ಬಂತು.

ಇಂಬಳದ ಸಾಕ್ಸ್ ಮಾತ್ರ ಬಲು ಸುಲಭ ಅನ್ನಿಸಿತ್ತು. ಒತ್ತಾದ ನೇಯ್ಗೆಯ ಹತ್ತಿ ಬಟ್ಟೇಲಿ ಬೂಟಿನ ಆಕಾರದ ಎರಡು ತುಂಡು, ಸುತ್ತ ಹೊಲಿಗೆ, ಮೊಣಕಾಲಿನ ಕೆಳಗೆ ಲಾಡಿ. ಪಾದದ ಅಳತೆ ತಗೊಂಡೆ, ಮೀನಖಂಡದ ಅಳತೆ ತಗೊಂಡೆ, ಹಿಮ್ಮಡಿ ತಿರುಗೋ ಜಾಗದ್ದು ತಗೊಳ್ಳಲೇ ಇಲ್ಲ. ಅಂಗಡಿ ಸಾಕ್ಸು ಹಿಗ್ಗುತ್ತೆ, ಇದು ಹಿಗ್ಗಲ್ಲ ಅನ್ನೋದು ಕಾಲು ಹಾಕಿದಾಗ ಹೊಳೀತು, ಹಿಮ್ಮಡಿ ಹತ್ತಿರ ಬಂದು ನಿಂತೇಬಿಡ್ತು. ಪಾದಕ್ಕೆ ಪ್ಲಾಸ್ಟಿಕ್ ಕವರ್ ಸುತ್ತಿ ಜಾರಿಸಿ ಹೆಂಗೋ ನುಗ್ಗಿಸಿದೆ.

ಟೆಸ್ಟ್ ಮಾಡೋಣ ಅಂತ ಭಾನುವಾರ ಆಲ್ದೂರು ಹತ್ರ ಇರೋ ಮಾವನ ತೋಟಕ್ಕೆ ಹೋದೆ. ಜಿಟಿಜಿಟಿ ಮಳೆ. ಕೆಲಸದೋರು ಗೊಬ್ಬರದ ಚೀಲದ ಒಂದು ಮೂಲೆಯನ್ನ ಇನ್ನೊಂದು ಮೂಲೆ ಒಳಗೆ ತುರುಕಿ ಕೊಪ್ಪೆ ಮಾಡಿ ತಲೆಗೆ ಹಾಕ್ಕೊಂಡು ಕಳೆ ತೆಗೀತಿದ್ರು. ಒಬ್ಬ ಅಜ್ಜಿ ನನ್ನ ಕಾಲು ನೋಡಿ, "ಏನಣ್ಣಾ, ಕಾಲಿಗೆ ದಿಂಬಿನ ಕವರ್ ಹಾಕ್ಕಂಡು ಬಂದಿದೀರಾ?" ಅಂತು. ಹಾಗೆಲ್ಲ ಅನ್ನಿಸ್ಕೊಳ್ಳೋದು ನಂಗೆ ಅಭ್ಯಾಸ ಇದೆ ಬಿಡಿ. ಒಂದು ಗಂಟೆ ಸುತ್ತಿದೆ, ಹೊರಗಡೆ ಒಂದೂ ಇಂಬಳ ಇಲ್ಲ, ಬೀಗಿದೆ. ಆಮೇಲೆ ನೋಡ್ತೀನಿ, ಬಲಗಾಲಿನ ಸಾಕ್ಸು ಒಳಗಿಂದ ಕೆಂಪಗಾಗ್ತಾ ಬರ್ತಿದೆ. ಲಾಡಿ ಎಳೆದ್ರೆ ಬಿಗಿಯಾಗಲ್ಲ, ಯಾಕಂದ್ರೆ ಲಾಡಿ ಪಟ್ಟಿ ಹೊಲಿಯುವಾಗ ಒಳಗಿನ ಲಾಡಿಯನ್ನೂ ಸೇರಿಸಿ ಹೊಲಿದುಬಿಟ್ಟಿದ್ದೆ, ಮೇಲ್ಗಡೆ ಬಾಯಿ ಬಿಟ್ಕೊಂಡು ಕೂತಿದೆ! ಬರೋ ಇಂಬಳಕ್ಕೆ ಬಾಗಿಲು ತೆರೆದಿತ್ತು, ಬಂದ ಇಂಬಳ ಆಚೆ ಹೋಗೋಕೆ ದಾರಿ ಇರಲಿಲ್ಲ. ಬಿಚ್ಚೋಣ ಅಂದ್ರೆ ಹಿಮ್ಮಡಿ ಬಿಡಲ್ಲ. ಅತ್ತೆ ಕತ್ತರಿ ತಂದು ಸೀಳಿದ್ರು. ಒಳಗೆ ಮೂರು, ಹೊಟ್ಟೆ ತುಂಬ ಉಂಡು ದ್ರಾಕ್ಷಿ ತರ ಆಗಿದ್ವು. ಇಂಬಳ ಕಚ್ಚುವಾಗ ರಕ್ತ ಹೆಪ್ಪುಗಟ್ಟದ ಹಾಗೆ ಏನೋ ರಸ ಬೇರೆ ಬಿಡುತ್ತಲ್ಲ, ಊಟಕ್ಕೆ ಕೂತ್ರೂ ಸುರೀತಾನೇ ಇತ್ತು. ಅಜ್ಜಿ ಕೋಲಿನ ತುದಿಗೆ ಬಟ್ಟೇಲಿ ಉಪ್ಪಿನ ಗಂಟು ಕಟ್ಟಿ ಕೈಗೆ ಕೊಟ್ಟು, "ಇದ್ ಸಾಕು ಕಣಣ್ಣಾ" ಅಂತು.

ಪಾಂಚೋ ಬಗ್ಗೆ ನಂಬಿಕೆ ಇನ್ನೂ ಇತ್ತು. ಒಂದು ಲೆಕ್ಕ ಹಾಕಿದೆ: ಎರಡೂವರೆ ಮಿಲಿಮೀಟರಿಗೆ ಒಂದು ಹೊಲಿಗೆ ಅಂದ್ರೆ ಮೀಟರಿಗೆ 400 ತೂತು, ಟೋಪಿ ಭುಜ ಅಂಚು ಎಲ್ಲ ಸೇರಿ ಆರು ಮೀಟರು, 2400. ಜೊತೆಗೆ ಬಿಚ್ಚಿ ಹೊಲಿದಿದ್ದು. ಅಂದ್ರೆ ನೀರು ನುಗ್ಗದ ಬಟ್ಟೆಯನ್ನ ದುಡ್ಡು ಕೊಟ್ಟು ತಂದು ಅದಕ್ಕೆ ನಾನೇ ಕೂತು ಎರಡೂವರೆ ಸಾವಿರ ತೂತು ಹೊಡೆದಿದ್ದೆ, ಅದೂ 18ನೇ ನಂಬರಲ್ಲಿ. ಹೊಲಿಗೆ ಮೇಲೆ ಏನಾದ್ರೂ ಬಳೀಬೇಕು ಅಂತ ಗೊತ್ತಾಗಿ ಸಿಂಕಿನ ಸುತ್ತ ಹಚ್ಚೋ ಸಿಲಿಕೋನ್ ಟ್ಯೂಬ್ ತಂದು, ಟರ್ಪೆಂಟೈನಲ್ಲಿ ತೆಳು ಮಾಡಿ ಹಳೇ ಟೂತ್‌ಬ್ರಷ್ಷಲ್ಲಿ ಬಳಿದೆ. ಈ ತರದ ಸಿಲಿಕೋನ್ ಗಾಳಿಯ ತೇವ ಹೀರಿ ಗಟ್ಟಿಯಾಗೋದು, ಆಗ ವಿನೆಗರ್ ವಾಸನೆ ಬಿಡುತ್ತೆ, ಎರಡು ದಿನ ಮನೆಯೆಲ್ಲ ಉಪ್ಪಿನಕಾಯಿ ಜಾಡಿ. ಅಂಟ್ಕೊಳ್ಳದಿರಲಿ ಅಂತ ಮಗಳ ಪೌಡರ್ ಉದುರಿಸಿದೆ. ಪೂರ್ತಿ ಒಂದು ಡಬ್ಬಿ.

ಸರ್ಪಧಾರಿಯಲ್ಲಿ ಹತ್ತೋಕೆ ಶುರು ಮಾಡಿದ ಕಾಲು ಗಂಟೆ ನಾನೇ ರಾಜ. ಆಮೇಲೆ ಬಯಲಿಗೆ ಬಂದ್ವಿ, ಗಾಳಿ ಹೊಡೀತು, ಮಳೆ ಮೇಲಿಂದ ಬರೋದು ಬಿಟ್ಟು ಪಕ್ಕದಿಂದ ಬರೋಕೆ ಶುರುವಾಯ್ತು. ಪಕ್ಕಕ್ಕೆ ಗುಂಡಿ ಹಾಕಿರಲಿಲ್ಲ. ಪಾಂಚೋ ಎದ್ದು ಮುಖಕ್ಕೆ ಸುತ್ಕೊಂಡು ನಾನು ಹುಲ್ಲಿನ ಮೇಲೆ ಗಾಳಿಪಟದ ತರ ನಾಲ್ಕು ಹೆಜ್ಜೆ ಅಡ್ಡಡ್ಡ ಹೋದೆ. ಹಿಂದಿದ್ದವನು ಕೂಗ್ದ, "ಮಗಾ, ನಿನ್ ಕೋಟು ಶಾವಿಗೆ ಬಿಡ್ತಿದೆ!" ನೋಡಿದ್ರೆ ನಿಜ, ಭುಜದ ಹೊಲಿಗೆ ಮೇಲಿನ ಸಿಲಿಕೋನ್ ಎಳೆ ಎಳೆಯಾಗಿ ಕಿತ್ಕೊಂಡು ಬರ್ತಿದೆ. ಆಮೇಲೆ ತಿಳೀತು, ನೀರು ತಡೆಯೋಕೆ ಅಂತ ಈ ಬಟ್ಟೆಗೆ ಮೊದಲೇ ಬಳಿದಿರೋದು ಪಾಲಿಯುರೆಥೇನ್, ಅದರ ಮೇಲೆ ಸಿಲಿಕೋನ್ ಸರಿಯಾಗಿ ಹಿಡಿಯಲ್ಲ, ಸಿಲಿಕೋನ್ ಬಳಿದ ಬಟ್ಟೆಗೆ ಮಾತ್ರ ಸಿಲಿಕೋನ್ ಆಗ್ಬೇಕು. ಇವಕ್ಕೂ ಜಾತಕ ನೋಡಿ ಕೂಡಿಸ್ಬೇಕು ಅಂತ ಯಾರಿಗೆ ಗೊತ್ತಿತ್ತು! ಎರಡೂ ಭುಜದಿಂದ ನೀರು ಒಳಗಿಳಿದು ಪೌಡರ್ ಜೊತೆ ಸೇರಿ ಗಂಜಿಯಾಗಿ ಪ್ಯಾಂಟಿನವರೆಗೆ ಹರೀತು. 1930 ಮೀಟರು, ಕರ್ನಾಟಕದಲ್ಲೇ ಎತ್ತರದ ಶಿಖರ, ಮೇಲೆ ಹೋಗಿ ನಿಂತ್ರೆ ಮಂಜಲ್ಲಿ ಏನೂ ಕಾಣಲ್ಲ, ನಾನು ಮಾತ್ರ ಮಗು ಸ್ನಾನ ಮಾಡಿಸಿದ ವಾಸನೆ ಹೊಡೀತಾ ದೇವಸ್ಥಾನದ ಗೋಡೆಗೆ ಒರಗಿ ನಡುಗ್ತಿದ್ದೆ.

ಪಾಂಚೋ ಈಗ ನನ್ನ ಸ್ಕೂಟರ್ ಮೇಲಿದೆ. ಅಳತೆ ಸರಿಯಾಗಿ ಕೂತಿದೆ, ತಲೆ ತೂರೋ ತೂತಿಗೆ ಕನ್ನಡಿ ಬರುತ್ತೆ.

ವಾರವಿಡೀ ಮಿಷಿನ್ ಸದ್ದು ಕೇಳಿದ ಪಕ್ಕದ್ಮನೆ ಆಂಟಿ ಮಾತ್ರ ನಾವು ಟೈಲರಿಂಗ್ ಶುರು ಮಾಡಿದೀವಿ ಅಂದ್ಕೊಂಡು ಒಂದು ಸೀರೆ, ಫಾಲ್ಸು ತಂದುಕೊಟ್ಟಿದ್ರು, ಅಮ್ಮ ನನ್ನ ಕೇಳದೇನೇ ಇಸ್ಕೊಂಡಿದ್ರು. ನೇರ ಹೊಲಿಗೆ, ಹತ್ತಿ ಬಟ್ಟೆ, ಹೊಸ 11ನೇ ನಂಬರ್ ಸೂಜಿ, ಒಂದೂ ಕಡೆ ಗೂಡು ಕಟ್ಟಲಿಲ್ಲ. ನಿನ್ನೆ ಆಂಟಿ ಬಂದು ಸೀರೆ ಬಿಡಿಸಿ ನೋಡಿ, "ಹೊಲಿಗೆ ಏನ್ ಚೆನ್ನಾಗಿದೆ ಕಣಪ್ಪಾ" ಅಂದ್ರು. ಆಮೇಲೆ ಸ್ವಲ್ಪ ಹೊತ್ತು ಏನೂ ಮಾತಾಡ್ಲಿಲ್ಲ. ಫಾಲ್ಸು ಸೆರಗಿನ ಕಡೆ ಹಾಕಿದ್ದೆ. ಈಗ ಬ್ಲೇಡ್ ಹಿಡ್ಕೊಂಡು ಬಿಚ್ತಾ ಕೂತಿದೀನಿ, ಅಮ್ಮ ದೇವರ ಮುಂದೆ ದೀಪ ಹಚ್ತಾ "ಹೊತ್ತು ಮುಳುಗಿದ ಮೇಲೆ ಅದನ್ನೆಲ್ಲ ಮುಟ್ಬೇಡ ಅಂತ ಎಷ್ಟು ಸಲ ಹೇಳ್ಬೇಕೋ" ಅಂತಿದಾರೆ.