ಸತ್ಯಾಂಶ: ಆ ದೊಡ್ಡ ಅಲೆ ಸುನಾಮಿ ಅಲ್ಲ

ಜಪಾನಿನ ಹೊಕುಸಾಯಿ ಅವರ ದೊಡ್ಡ ನೀಲಿ ಅಲೆಯ ಚಿತ್ರ ನೀವೂ ನೋಡಿರುತ್ತೀರಿ, ಅಲ್ವಾ? ಅದರ ಜೊತೆ ವಾಟ್ಸಾಪಿನಲ್ಲಿ ಒಂದು ಸಾಲು ಬರುತ್ತದೆ: ‘ಇದು ಸುನಾಮಿಯ ಪೇಂಟಿಂಗ್, ಜಗತ್ತಿನಲ್ಲಿ ಇರುವುದು ಒಂದೇ.’ ಎರಡೂ ತಪ್ಪು.

ಸುನಾಮಿ ಎತ್ತರಕ್ಕೆ ಏಳುವುದು ದಡದ ಹತ್ತಿರ ಬಂದಾಗ. ನಡುಕಡಲಲ್ಲಿ ದೋಣಿಯವರಿಗೆ ಅದು ಗೊತ್ತೇ ಆಗದೆ ಹೋಗಬಹುದು. ಇಲ್ಲಿರುವುದು ಕನಗಾವಾ ಬಳಿಯ ಕಡಲಲ್ಲಿ ಗಾಳಿ ಎಬ್ಬಿಸಿದ ಅಲೆ. ಕೆಳಗಿನ ಮೂರು ದೋಣಿಗಳನ್ನು ಸ್ವಲ್ಪ ನಿಂತು ನೋಡಿ. ಎಡೋ, ಅಂದರೆ ಇಂದಿನ ಟೋಕಿಯೊಗೆ ತಾಜಾ ಮೀನು ಸಾಗಿಸುತ್ತಿದ್ದ ವೇಗದ ದೋಣಿಗಳವು. ಹುಟ್ಟು ಹಾಕುವವರು ಬಗ್ಗಿ ಕೂತಿದ್ದಾರೆ. ನನಗೆ ಅಲೆಗಿಂತ ಜಾಸ್ತಿ ಕಾಡುವುದು ಅವರೇ.

ಇನ್ನು, ಇದು ಪೇಂಟಿಂಗ್ ಅಲ್ಲ, ಮರದಚ್ಚಿನ ಮುದ್ರಣ. ಸುಮಾರು 1831ರಲ್ಲಿ ಬಂತು. ಕಲಾವಿದರು ಬರೆದ ಹಾಳೆಯನ್ನು ಚೆರಿ ಮರದ ಹಲಗೆಗೆ ಅಂಟಿಸಿ, ಅದರ ಮೇಲೆಯೇ ಕೆತ್ತುತ್ತಿದ್ದರು. ಕೆತ್ತುವಾಗ ಆ ಹಾಳೆ ಹಾಳಾಗುತ್ತಿತ್ತು. ಆಮೇಲೆ ಮುದ್ರಕರು ಒಂದೊಂದೇ ಬಣ್ಣ ಹಚ್ಚಿ, ಕೈಯಿಂದ ಉಜ್ಜಿ ಅಚ್ಚು ತೆಗೆಯುತ್ತಿದ್ದರು. ಹೀಗೆ ಸಾವಿರಾರು ಪ್ರತಿಗಳು ಜನಸಾಮಾನ್ಯರ ಕೈ ಸೇರಿದವು. ಇಂದಿಗೂ ನೂರಕ್ಕೂ ಹೆಚ್ಚು ಉಳಿದಿವೆ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲೇ ಒಂದಕ್ಕಿಂತ ಹೆಚ್ಚು ಪ್ರತಿಗಳಿವೆ.